ಆ ಹನ್ನೊಂದು ವರ್ಷ ಎಲ್ಲಿ ಹೋಯ್ತು?

ಸರಸ್ವತೀಪುರಂ, ಮೈಸೂರು

ಪ್ರೀತಿಯ ಮಗಳೇ,

ನೀನು ಬರೆದ ನಿನ್ನ ಅಜ್ಜಿಯ ಜೀವನಕತೆ ಕೈಸೇರಿತು. ಎರಡು ಸಲ ಓದಿದೆ. ಮಂಡ್ಯದ ಆ ವಠಾರದ ಮನೆ, ಮಕ್ಕಳ ಸ್ಲೇಟು ಒರೆಸಲು ಅಜ್ಜಿ ಸೆರಗಿನ ತುದಿ ಒದ್ದೆ ಮಾಡಿಕೊಳ್ಳುತ್ತಿದ್ದದ್ದು, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಒಂದು ಕಡೆ ನಿಂತುಬಿಟ್ಟೆ. ಮೂರನೇ ಅಧ್ಯಾಯದ ಕೊನೆಗೆ ತಾತ ತೀರಿಕೊಳ್ಳುತ್ತಾರೆ. ನಾಲ್ಕನೆಯದರ ಮೊದಲ ಸಾಲಿಗೇ ಅಜ್ಜಿ ಹೆಡ್ ಮಿಸ್ ಆಗಿದ್ದಾರೆ. ನಡುವೆ ಹನ್ನೊಂದು ವರ್ಷ. ಅಷ್ಟಕ್ಕೂ ನೀನು ಕೊಟ್ಟಿರುವುದು ಒಂದೇ ವಾಕ್ಯ: ‘ಕಷ್ಟಗಳನ್ನೆಲ್ಲ ಧೈರ್ಯದಿಂದ ಎದುರಿಸಿದರು.’ ಇದನ್ನು ಯಾರ ಅಜ್ಜಿಯ ಬಗ್ಗೆ ಬೇಕಾದರೂ ಬರೆಯಬಹುದು, ಅಲ್ವಾ?

ನಮ್ಮ ನಂಜನಗೂಡಿನಲ್ಲೇ ಹುಟ್ಟಿದ ಇಬ್ಬರು ನೆನಪಾದರು. ಒಬ್ಬರು ಗಾಯಕಿ ಬೆಂಗಳೂರು ನಾಗರತ್ನಮ್ಮ, ಹುಟ್ಟಿದ್ದು 1878ರಲ್ಲಿ. ಮುದ್ದುಪಳನಿ ಅನ್ನುವ ಕವಯಿತ್ರಿಯ ತೆಲುಗು ಕಾವ್ಯ ‘ರಾಧಿಕಾ ಸಾಂತ್ವನಮು’ ಓದುವಾಗ, ಅಚ್ಚಾದ ಪುಸ್ತಕದಲ್ಲಿ ಎಷ್ಟೋ ಪದ್ಯಗಳೇ ಇಲ್ಲ ಅಂತ ಅವರಿಗೆ ಗೊತ್ತಾಯಿತು. ಕವಯಿತ್ರಿ ತನ್ನ ಬಗ್ಗೆ, ತನ್ನ ಮನೆಯ ಹೆಂಗಸರ ಬಗ್ಗೆ ಹೇಳಿಕೊಂಡ ಭಾಗವನ್ನೂ ಕಿತ್ತುಹಾಕಿದ್ದರು. ನಾಗರತ್ನಮ್ಮ ಹಳೆಯ ಪ್ರತಿ ಹುಡುಕಿ, 1910ರಲ್ಲಿ ಪೂರ್ತಿ ಕಾವ್ಯವನ್ನು ಅಚ್ಚು ಹಾಕಿಸಿದರು. ಸರ್ಕಾರ ಅದನ್ನು ನಿಷೇಧಿಸಿತು. ಆ ನಿಷೇಧ ಹೋಗಲು ದಶಕಗಳೇ ಬೇಕಾದವು.

ಇನ್ನೊಬ್ಬರು ಲೇಖಕಿ ತಿರುಮಲಾಂಬ, 1887ರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡರು. ‘ಸತಿಹಿತೈಷಿಣಿ’ ಗ್ರಂಥಮಾಲೆ ಕಟ್ಟಿದರು, ‘ಸುಶೀಲೆ’ ಕಾದಂಬರಿ ಬರೆದರು, ‘ಕರ್ನಾಟಕ ನಂದಿನಿ’ ಪತ್ರಿಕೆ ನಡೆಸಿದರು. ಆಮೇಲೆ ಬರೆಯುವುದನ್ನೇ ಬಿಟ್ಟರು. ತೀರಿಕೊಂಡಿದ್ದು 1982ರಲ್ಲಿ! ನಿಮ್ಮ ಮಂಡ್ಯದಲ್ಲೇ ಹುಟ್ಟಿದ ಕಾದಂಬರಿಕಾರ್ತಿ ತ್ರಿವೇಣಿ 35 ವರ್ಷ ಕೂಡ ತುಂಬುವ ಮೊದಲೇ ತೀರಿಕೊಂಡರು, ತಿರುಮಲಾಂಬರಿಗೆ ಬರೆಯದ ವರ್ಷಗಳೇ ಅದಕ್ಕಿಂತ ಜಾಸ್ತಿ. ಪುಸ್ತಕದ ಪಟ್ಟಿ ಯಾರಾದರೂ ಕೊಡುತ್ತಾರೆ. ಆ ಸುಮ್ಮನಿದ್ದ ವರ್ಷಗಳಲ್ಲಿ ಒಂದು ಬೆಳಗ್ಗೆ ಹೇಗಿತ್ತು? ಅವರ ಬಗ್ಗೆ ಬರೆಯುವುದಾದರೆ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ನಿನಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಹಿಂದೆ ಮಳವಳ್ಳಿ ಕಡೆಯ ಒಬ್ಬ ಸೂಲಗಿತ್ತಿಯ ಬಗ್ಗೆ ಬರೆಯಲು ಹೋಗಿದ್ದೆ. ನಡುಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು. ಸುತ್ತ ಗಂಡುಮಕ್ಕಳು, ಎದುರಿಗೆ ನನ್ನ ಟೇಪ್ ರೆಕಾರ್ಡರ್. ‘ಏನೈತವ್ವ ಹೇಳಕ್ಕೆ, ಎಲ್ಲಾರಂಗೆ ನಾನೂವೆ’ ಅಂದು ಸುಮ್ಮನಾದರು. ಸಂಜೆ ಹಿತ್ತಲಿಗೆ ಹೋದರೆ, ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ನಾನೂ ಒಂದು ಹಿಡಿ ತಗೊಂಡು ಪಕ್ಕದಲ್ಲಿ ಕೂತೆ. ಹೆಬ್ಬೆರಳು ಒತ್ತಿದರೆ ಬೇಳೆ ಪುಟಕ್ಕನೆ ಪಾತ್ರೆಗೆ ಬೀಳುತ್ತಿತ್ತು. ಕಣ್ಣು ಕಾಳಿನ ಮೇಲೇ ಇತ್ತು, ಮಾತು ತಾನಾಗಿ ಬಂತು. ರಾತ್ರಿ ಲಾಟೀನು ಹಿಡಿದು ನಾಲೆ ಏರಿಯ ಮೇಲೆ ನಡೆದು ಯಾರದೋ ಹೆರಿಗೆಗೆ ಹೋಗಿದ್ದು. ವಾಪಸು ಬರುವಷ್ಟರಲ್ಲಿ ಜ್ವರದಲ್ಲಿದ್ದ ತಮ್ಮ ಮಗು ಹೋಗಿಬಿಟ್ಟಿದ್ದು. ಅದನ್ನು ಹೇಳುವಾಗಲೂ ಕೈ ನಿಲ್ಲಲಿಲ್ಲ.

ಮಾರನೆಯ ದಿನ ಹಿರಿಮಗ ‘ಅದೊಂದು ಬೇಡ ಮೇಡಂ’ ಅಂದರು. ಬಿಟ್ಟುಬಿಟ್ಟೆ. ಆ ಅಮ್ಮನನ್ನೇ ಕೇಳಬೇಕಿತ್ತು. ಅವರೇ ಬೇಡ ಅಂದಿದ್ದರೆ ಆ ಮಾತು ಬೇರೆ. ನಾನು ಕೇಳಲೇ ಇಲ್ಲ. ಪುಸ್ತಕ ಬಂದಾಗ ಅವರು ಒಬ್ಬರಿಂದ ಪೂರ್ತಿ ಓದಿಸಿಕೊಂಡರಂತೆ. ಕೊನೆಗೆ ‘ನನ್ನ ಮಗೀದು ಬರಲೇ ಇಲ್ವಲ್ಲ’ ಅಂದರಂತೆ. ಈಗಲೂ ಆ ಪುಸ್ತಕ ಕೈಗೆ ತಗೊಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ.

ಅದಕ್ಕೇ, ಅಜ್ಜಿಯನ್ನೇ ಕೇಳು. ಅದಕ್ಕೆ ಮುಂಚೆ ಅವರ ಸರ್ವಿಸ್ ರಿಜಿಸ್ಟರಿನ ನಕಲು ಮನೆಯಲ್ಲಿ ಇದೆಯಾ ನೋಡು. ಯಾವ ಊರಿಗೆ ವರ್ಗ ಆಯಿತು, ಯಾವಾಗ ಸಂಬಳವಿಲ್ಲದ ರಜೆ ಹಾಕಿದರು, ಎಲ್ಲ ಅದರಲ್ಲಿ ಇರುತ್ತದೆ. ಟ್ರಂಕಿನ ತಳದಲ್ಲಿ ಒಡವೆ ಅಡವಿಟ್ಟ ಚೀಟಿ, ಹಾಲಿನ ಲೆಕ್ಕದ ಪುಸ್ತಕ ಸಿಕ್ಕರೂ ಬಿಡಬೇಡ. ‘ನಿಮ್ಮ ಕಷ್ಟ ಹೇಳಿ ಅಜ್ಜಿ’ ಅಂದರೆ ಯಾರೂ ಹೇಳುವುದಿಲ್ಲ. ‘ಆ ಆಗಸ್ಟಿನಲ್ಲಿ ನಲವತ್ತು ದಿನ ರಜೆ ಯಾಕೆ ಹಾಕಿದ್ರಿ?’ ಅಂದರೆ ಹೇಳುತ್ತಾರೆ. ಇನ್ನು ‘ತ್ಯಾಗಮಯಿ’, ‘ಮಹಾತಾಯಿ’ ಅಂತೆಲ್ಲ ಬರೆದಿದ್ದೀಯಲ್ಲ, ಅವನ್ನು ತೆಗೆದುಬಿಡು. ಅಜ್ಜಿಗೆ ಸಿಟ್ಟು ಬರುತ್ತಿತ್ತು ಅನ್ನುವುದು ಎಲ್ಲೂ ಇಲ್ಲ. ಬರದೇ ಇರುತ್ತಾ?

ಈ ಭಾನುವಾರ ಹೋಗು. ಮಾವಂದಿರೆಲ್ಲ ಸೇರುವ ಹೊತ್ತಿಗೆ ಬೇಡ, ಊಟ ಮುಗಿದು ಮನೆ ತಣ್ಣಗಾದ ಮೇಲೆ. ಅಜ್ಜಿ ಸೊಪ್ಪು ಬಿಡಿಸಲು ಕೂತಾಗ ನೀನೂ ಒಂದು ಕಟ್ಟು ತಗೊಂಡು ಪಕ್ಕದಲ್ಲಿ ಕೂತ್ಕೋ. ತಾತ ಹೋದ ಮೇಲೆ ಬಂದ ಮೊದಲ ಜೂನಿನಲ್ಲಿ ನಿಮ್ಮ ಅಮ್ಮನ ಸ್ಕೂಲ್ ಫೀಸು ಹೇಗೆ ಕಟ್ಟಿದರು ಅಂತ ಕೇಳು.

ಆಶೀರ್ವಾದಗಳು.