ಸಿಯಾಟಲ್‌ನಿಂದ ಅಪ್ಪಾಗ, ಬೇವಿನ ಸಸಿ ಸಲುವಾಗಿ

ಅಪ್ಪಾ, ಅವ್ವಾ,

ನಾ ಆರಾಮ ಅದೀನಿ. ಶನಿವಾರ ಫೋನ್ ಎತ್ತಲಿಲ್ಲಂತ ಅವ್ವಾ ಸಿಟ್ಟಾಗಿದ್ಲಲ್ಲ, ಕೈ ತುಂಬ ಕೆಸರಿತ್ತು, ಗಿಡ ಹಚ್ಚಾಕ ಹೋಗಿದ್ದೆ.

ಇಲ್ಲೆ ಊರ ನಡುವನ ಅಡವಿ ಐತಿ. ದೂರಿಂದ ಹಸರಾಗಿ ಕಾಣತೈತಿ, ಒಳಗ ಹೋದ್ರ ಐವಿ ಅನ್ನೋ ಬಳ್ಳಿ ಗಿಡದ ತುದಿತನ ಹತ್ತಿ ಕುಂತೈತಿ, ನೆಲದ ತುಂಬ ಬ್ಲ್ಯಾಕ್‌ಬೆರಿ ಮುಳ್ಳು, ಎರಡೂ ಹೊರಗಿಂದ ಬಂದವು, ನಮ್ಮಲ್ಲಿ ಬಳ್ಳಾರಿ ಜಾಲಿ ಹೆಂಗೋ ಹಂಗ. ಹಿಂದಕ ಇಲ್ಲಿದ್ದ ದೊಡ್ಡ ದೊಡ್ಡ ಮರ ಎಲ್ಲಾ ಕಡದ್ರಂತ, ಆಮ್ಯಾಲ ತಾವ ಎದ್ದ ಆಲ್ಡರ್, ಮೇಪಲ್ ಗಿಡಕ್ಕ ಈಗ ವಯಸ್ಸಾಗಿ ಬೀಳಾಕತ್ತಾವು, ಕೆಳಗ ಹೊಸಾ ಸಸಿ ಏಳಬೇಕಂದ್ರ ಐವಿ ಜಾಗಾನ ಬಿಡಂಗಿಲ್ಲ. ಅದಕ್ಕ ಸಿಟಿಯವರು, ಸಂಸ್ಥಾದವರು, ಓಣಿ ಮಂದಿ ಕೂಡಿ ಗ್ರೀನ್ ಸಿಯಾಟಲ್ ಪಾರ್ಟ್‌ನರ್‌ಶಿಪ್ ಅಂತ ಮಾಡ್ಕೊಂಡಾರ, 2005ರಿಂದ ನಡದೈತಿ, 2,500 ಎಕರೆಕ್ಕಿಂತ ಹೆಚ್ಚು ಅಡವಿ ಸರಿ ಮಾಡೋ ಕೆಲಸ. ನಾವು ರೆಡ್ ಸೀಡರ್, ಡಗ್ಲಸ್ ಫರ್ ಹಚ್ಚಿದ್ವಿ. ಇಲ್ಲೆ ಬ್ಯಾಸಿಗಿ ಪೂರಾ ಒಣ, ಮಳಿ ಹಿಡಿಯೋದು ಅಕ್ಟೋಬರಕ್ಕ, ಹಿಂಗಾಗಿ ಥಂಡಿಯೊಳಗ ಹಚ್ಚತಾರ, ಬ್ಯಾಸಿಗಿ ಬರೂದ್ರಾಗ ಬೇರು ಕೆಳಗ ಇಳಿಲಿ ಅಂತ.

ಅಪ್ಪಾ, ನನಗ ಭಾಳ ಖುಷಿ ಆಗಿದ್ದು ಗೋಣಿಚೀಲ ನೋಡಿ! ಕಾಫಿ ಬೀಜ ಹುರಿಯೋರ ಕಡಿಂದ ಖಾಲಿ ಚೀಲ ತಂದು ನೆಲಕ್ಕ ಹಾಸತಾರ, ಮ್ಯಾಲ ಕಟಗಿ ಚೂರು ಹರವತಾರ, ಕಳೆ ಏಳಂಗಿಲ್ಲ, ಹಸಿ ಆರಂಗಿಲ್ಲ, ಚೀಲ ಅಲ್ಲೇ ಕೊಳತು ಮಣ್ಣಾಗತೈತಿ. ನೀವು ಹರದ ಜ್ವಾಳದ ಚೀಲ ಮಡಚಿ ಮಡಚಿ ಅಟ್ಟದ ಮ್ಯಾಲ ಇಡ್ತೀರಲ್ಲ, ಅದ ನೆನಪಾತು.

ನನ್ನ ಬಾಜೂಕ ಒಬ್ಬ ಅಜ್ಜಿ ಮೊಣಕಾಲೂರಿ ಐವಿ ಕೀಳಾಕತ್ತಿದ್ಲು. ಬ್ಯಾಸಿಗ್ಯಾಗೂ ಬರ್ತಿ ಏನು, ಹಚ್ಚಾಕ ಎಲ್ಲಾರೂ ಬರ್ತಾರ, ನೀರು ಹಾಕಾಕ ನಾಕು ಮಂದಿ ಇರಂಗಿಲ್ಲ ಅಂದ್ಲು. ನನಗ ಸಾಲಿಯೊಳಗ ವನಮಹೋತ್ಸವಕ್ಕ ಹಚ್ಚಿದ ಹೊಂಗಿ ಸಸಿ ನೆನಪಾಗಿ ಹೊಟ್ಟಿ ಚುರ್ ಅಂತು, ಸೂಟಿ ಬಿಟ್ಟ ಮ್ಯಾಲ ಒಬ್ರೂ ಒಂದ ಕೊಡ ನೀರು ಹಾಕಲಿಲ್ಲ, ಮುಂದಿನ ವರ್ಷ ಅದ ಕುಣಿಯೊಳಗ ಮತ್ತೊಂದು ಹಚ್ಚಿಸಿದ್ರು. ನಮ್ಮ ವಿಜಯಪುರದಾಗ ಅಡವಿ ಅನ್ನೋದು ನೂರಕ್ಕ ಒಂದು ಪಾಲೂ ಇಲ್ಲ, ಕೋಟಿ ವೃಕ್ಷ ಅಭಿಯಾನದಾಗ ಹಚ್ಚಿದ ಗಿಡ ನೋಡಿದ್ರ ಎಷ್ಟು ಸಮಾಧಾನ ಆಗತೈತಿ, ಆದ್ರ ನಮ್ಮ ಬಿಸಲಿಗೆ ಮೊದಲ ಎರಡು ಮೂರು ಬ್ಯಾಸಿಗಿ ದಾಟಸೂದ ದೊಡ್ಡ ಕೆಲಸ.

ಅದಕ್ಕ ಒಂದು ಮಾತು ಕೇಳ್ರಿ. ಮನಿ ಮುಂದ ಹಚ್ಚಿದ ಬೇವಿನ ಸಸಿ ಬಾಜೂಕ ಒಂದು ಹಳೀ ಗಡಿಗಿ ಕುತ್ತಿಗಿತನ ಹುಗೀರಿ, ತಳಕ್ಕ ಸಣ್ಣ ತೂತು ಮಾಡಿ ಅರಿವಿ ಬತ್ತಿ ಹಾಕ್ರಿ, ನೀರು ತುಂಬಿ ಬಾಯಿ ಮುಚ್ಚಿದ್ರ ತಾನ ಹನಿಹನಿ ಬೇರಿಗೆ ಇಳಿತೈತಿ, ದಿನಾ ಕೊಡ ಹೊರೂದು ತಪ್ಪತೈತಿ. ಸುತ್ತ ಗೋಣಿಚೀಲ ಹಾಸ್ರಿ, ಆದ್ರ ಬುಡದಿಂದ ಒಂದು ಗೇಣು ಬಿಟ್ಟು, ನಮ್ಮಲ್ಲಿ ಗೆದ್ದಲು ಭಾಳ.

ಕಾರ ಹುಣ್ಣಿಮಿಗೆ ರಜಾ ಕೇಳೀನಿ, ಸಿಕ್ರ ಬರ್ತೀನಿ. ಅಲ್ಲಿತನ ವಾರಕ್ಕೊಮ್ಮೆ ಸಸಿ ಫೋಟೋ ತಗದು ಕಳಸ್ರಿ, ಅವ್ವಾನ್ನ ಬಾಜೂಕ ನಿಂದರಸ್ರಿ, ಎಷ್ಟು ಎತ್ತರ ಆಗೈತಿ ಗೊತ್ತಾಗತೈತಿ.

ನಿಮ್ಮ ಮಗ