ಕಡತಗಳು ಮರಳಿದ ವರ್ಷ: ಕೈಹಿಡಿದವರಿಗೆಲ್ಲ ನಮಸ್ಕಾರ

ಕಳೆದ ವರ್ಷ ಆಷಾಢದ ಒಂದು ಸೋಮವಾರ ಬೆಳಿಗ್ಗೆ ಶಿರಸಿಯ ನನ್ನ ವಕೀಲಿ ಕಚೇರಿಯ ಕಂಪ್ಯೂಟರಿನಲ್ಲಿ ಒಂದೇ ಒಂದು ಕಡತವೂ ತೆರೆಯಲಿಲ್ಲ. ಶನಿವಾರ ಸಂಜೆ, ನ್ಯಾಯಾಲಯದ ನೋಟಿಸಿನಂತೆ ಕಂಡ ಇಮೇಲ್ ಒಂದರ ಲಗತ್ತನ್ನು ನಾನೇ ತೆರೆದಿದ್ದೆ. ಅದರ ಬೆನ್ನಿಗೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ತಂತ್ರಾಂಶವಾದ ರ‍್ಯಾನ್ಸಮ್‌ವೇರ್ ಒಳಗೆ ಬಂದಿತ್ತು. ದಾವಾ ಪತ್ರ, ತಕರಾರು, ಪ್ರಮಾಣಪತ್ರ ಎಲ್ಲದರ ಹೆಸರಿನ ಕೊನೆಗೂ ಅರ್ಥವಿಲ್ಲದ ಅಕ್ಷರಗಳು. ಪ್ರತಿ ಫೋಲ್ಡರಿನಲ್ಲೂ ಹಣ ಕೇಳುವ ಒಂದು ಚೀಟಿ. ಬ್ಯಾಕಪ್ ಎಂದು ನಂಬಿಕೊಂಡಿದ್ದ ಹಾರ್ಡ್ ಡಿಸ್ಕ್ ವರ್ಷವಿಡೀ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇತ್ತು, ಹೀಗಾಗಿ ಅದೂ ಹೋಯಿತು.

ನನ್ನದು ಸಣ್ಣ ಕಚೇರಿ. ನಾನು, ಒಬ್ಬ ಜೂನಿಯರ್, ಅಪ್ಪನ ಕಾಲದಿಂದಲೂ ಇರುವ ಗುಮಾಸ್ತರು, ಅಷ್ಟೇ. ಅಂದು ನಾನು ಪರದೆಯ ಮುಂದೆ ಕಲ್ಲಿನಂತೆ ಕುಳಿತಿದ್ದಾಗ ಜೂನಿಯರ್ ಹುಡುಗಿ ಮಾತಾಡದೆ ಹೋಗಿ ಇಂಟರ್‌ನೆಟ್ ಕೇಬಲ್ ಕಿತ್ತಳು. ಅವಳ ಲ್ಯಾಪ್‌ಟಾಪ್ ಉಳಿದದ್ದು ಆ ಒಂದು ಕ್ಷಣದ ಸಮಯಪ್ರಜ್ಞೆಯಿಂದ ಎಂದೇ ನಾನು ನಂಬಿದ್ದೇನೆ. ಒಂಬತ್ತು ದಿನಗಳಲ್ಲಿ ಒಂದು ಮೇಲ್ಮನವಿಯ ಅವಧಿ ಮುಗಿಯುವುದಿತ್ತು. ಸಿವಿಲ್ ನ್ಯಾಯಾಲಯದ ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಲು ಸಿಗುವುದು 30 ದಿನ, ನಕಲು ಪಡೆಯಲು ಹಿಡಿದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ. ನನ್ನ ಕರಡು ಹೋಗಿತ್ತು. ಅವಳು ತೀರ್ಪಿನ ದೃಢೀಕೃತ ನಕಲನ್ನು ಎದುರಿಗಿಟ್ಟುಕೊಂಡು, ಕರೆಂಟ್ ಬಂದು ಹೋಗುವ ಮಳೆಗಾಲದ ಎರಡು ರಾತ್ರಿಗಳಲ್ಲಿ ಮೊದಲಿನಿಂದ ಬರೆದು ಮುಗಿಸಿದಳು. ಮೇಲ್ಮನವಿ ಅವಧಿಯೊಳಗೇ ದಾಖಲಾಯಿತು. ತಂಗಿ, ನಿನಗೆ ಮೊದಲ ನಮಸ್ಕಾರ.

ಎರಡನೆಯದು ಗುಮಾಸ್ತರಿಗೆ. ಕಂಪ್ಯೂಟರ್ ಬಂದ ಮೇಲೂ ಅವರು ವಾಯಿದೆ ಡೈರಿ ಬರೆಯುವುದನ್ನು ಬಿಟ್ಟಿರಲಿಲ್ಲ. ಪ್ರತಿ ಪ್ರಕರಣದ ಸಂಖ್ಯೆ, ಪಕ್ಷಕಾರರ ಹೆಸರು, ಮುಂದಿನ ತಾರೀಖು, ಅಂದು ನಡೆಯಬೇಕಾದ ಕೆಲಸ, ಎಲ್ಲವೂ ನೀಲಿ ಶಾಯಿಯಲ್ಲಿ ಇದ್ದವು. ಆ ಡೈರಿಯನ್ನು ಅವರು ಓದುತ್ತ ಹೋದರು, ನಾವು ನ್ಯಾಯಾಲಯಗಳ ಪ್ರಕರಣಗಳ ಮಾಹಿತಿ ಕೊಡುವ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹುಡುಕುತ್ತ ಹೋದೆವು. ಪ್ರತಿ ಪ್ರಕರಣಕ್ಕೂ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಸಿಕ್ಕಿದರೆ ಪ್ರಕರಣದ ಹಂತ, ಮುಂದಿನ ದಿನಾಂಕ, ಏರಿಸಿದ್ದರೆ ಆದೇಶಗಳೂ ಸಿಗುತ್ತವೆ. ಬುಧವಾರ ಸಂಜೆಯ ಹೊತ್ತಿಗೆ ಯಾವ ವಾಯಿದೆಯೂ ತಪ್ಪುವುದಿಲ್ಲ ಎಂಬ ಧೈರ್ಯ ಬಂತು. ಅಲ್ಲಿಯವರೆಗೆ ಆ ಆ್ಯಪ್ ಅನ್ನು ನಾನು ತಾರೀಖು ನೋಡುವುದಕ್ಕಷ್ಟೇ ಬಳಸಿದ್ದೆ. ಈಗ ಕಚೇರಿಯ ಎಲ್ಲ ಪ್ರಕರಣಗಳೂ ಅದರ ಪಟ್ಟಿಯಲ್ಲಿವೆ, ಡೈರಿಯಲ್ಲಿ ಸಿಎನ್‌ಆರ್‌ಗೆಂದೇ ಒಂದು ಅಂಕಣವೂ ಇದೆ.

ತಾರೀಖು ಸಿಕ್ಕಿತು, ಕಾಗದ? ಇಲ್ಲಿ ನಡೆದದ್ದನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ. ನಾವು ಸಲ್ಲಿಸುವ ಪ್ರತಿ ಅರ್ಜಿಯ ಒಂದು ಪ್ರತಿ ಎದುರು ಪಕ್ಷದ ವಕೀಲರ ಕಟ್ಟಿನಲ್ಲಿ ಇರುತ್ತದೆ. ವಕೀಲರ ಸಂಘದ ಕೊಠಡಿಯಲ್ಲಿ ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮರುದಿನದಿಂದ ಒಬ್ಬೊಬ್ಬರೇ ತಮ್ಮ ಕಟ್ಟು ಬಿಚ್ಚಿ ನನ್ನದೇ ಅರ್ಜಿಗಳ ಪ್ರತಿಗಳನ್ನು ತಂದುಕೊಟ್ಟರು. ಹತ್ತು ವರ್ಷಗಳಿಂದ ಒಂದು ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡುಭೂಮಿಯ) ವ್ಯಾಜ್ಯದಲ್ಲಿ ನನ್ನ ಎದುರು ನಿಂತು, ಒಂದು ಸಾಕ್ಷಿಯನ್ನೂ ಸಲೀಸಾಗಿ ಬಿಟ್ಟುಕೊಡದ ಹಿರಿಯ ವಕೀಲರು, 42 ಪುಟಗಳನ್ನು ತಾವೇ ಪ್ರತಿ ಮಾಡಿಸಿ, ಪುಟಸಂಖ್ಯೆ ಹಾಕಿ ಕಳುಹಿಸಿದರು. ಹಣ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಆ ದಾವೆ ಇನ್ನೂ ನಡೆಯುತ್ತಿದೆ, ವಾದದಲ್ಲಿ ಇಬ್ಬರೂ ಒಂದಿಂಚೂ ಸಡಿಲಿಸಿಲ್ಲ. ಸರ್, ನಿಮ್ಮ ಋಣ ದೊಡ್ಡದು.

ನ್ಯಾಯಾಲಯದ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡಿರುವ ಹಿರಿಯರ ಬಳಿ ನನ್ನ ಹಳೆಯ ಅರ್ಜಿಗಳು ನೂರಕ್ಕೂ ಹೆಚ್ಚು ಇದ್ದವು, ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ. ಜೂನಿಯರ್‌ಳ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅವನ್ನು ಎಲ್ಲ ಕಂಪ್ಯೂಟರುಗಳಲ್ಲೂ ಓದಬಲ್ಲ ಯೂನಿಕೋಡಿಗೆ ತಂದುಕೊಟ್ಟವರು ಇಲ್ಲಿಯ ಕಾಲೇಜೊಂದರ ಕನ್ನಡ ಅಧ್ಯಾಪಕರು. ಪರಿವರ್ತನೆಯಲ್ಲಿ ಅರ್ಕಾವೊತ್ತು ಜಾಗ ತಪ್ಪಿ ಕೂತಲ್ಲೆಲ್ಲ ತಿದ್ದಲು ನಮ್ಮೊಡನೆ ಕುಳಿತರು. ಸರ್ವೆ ನಂಬರು, ಹಿಸ್ಸಾ, ಚಕ್ಕುಬಂದಿಯಲ್ಲಿ ಒಂದಕ್ಷರ ತಪ್ಪಿದರೆ ಯಾರದೋ ತೋಟ ಯಾರದೋ ಆಗುತ್ತದೆ ಎಂಬುದು ಅವರಿಗೆ ಹೇಳದೆಯೇ ಗೊತ್ತಿತ್ತು. ಈಗ ‘ಸೊಪ್ಪಿನ ಬೆಟ್ಟ’ ಎಂದು ಕನ್ನಡದಲ್ಲೇ ಹುಡುಕಿದರೆ ಕಚೇರಿಯ ಎಲ್ಲ ಸಂಬಂಧಿತ ಕಡತಗಳೂ ಎದುರಿಗೆ ಬರುತ್ತವೆ. ಟೈಪಿಂಗ್ ಅಂಗಡಿಯ ಹಿರಿಯರು ಪ್ರತಿಗಳನ್ನು ಕೊಟ್ಟ ಬಳಿಕ, ಕಕ್ಷಿದಾರರ ಕಾಗದ ತಮ್ಮಲ್ಲಿ ಉಳಿಯಬಾರದೆಂದು ನನ್ನ ಎದುರೇ ಅವನ್ನೆಲ್ಲ ಅಳಿಸಿದರು. ಅಂಥ ಸೂಕ್ಷ್ಮ ನನಗೇ ಹೊಳೆದಿರಲಿಲ್ಲ.

ದೂರು ಕೊಡಲು ಘಟ್ಟ ಇಳಿದು ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋದೆ. ಹಣ ಕೊಡಬೇಡಿ, ಕೊಟ್ಟರೂ ಕಡತ ಮರಳುತ್ತದೆಂಬ ಖಾತರಿ ಇಲ್ಲ, ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಹಾಗೆಯೇ ಎತ್ತಿಡಿ ಎಂದು ಅಲ್ಲಿಯ ಸಿಬ್ಬಂದಿ ಸಮಾಧಾನದಿಂದ ಹೇಳಿದರು. ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಮತ್ತು ಡಚ್ ಪೊಲೀಸರು 2016ರಲ್ಲಿ ಭದ್ರತಾ ಕಂಪನಿಗಳೊಡನೆ ಸೇರಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಕೆಲವು ಬಗೆಯ ದಾಳಿಗಳಿಗೆ ಕಡತ ಬಿಡಿಸುವ ಉಚಿತ ಕೀಲಿಗಳಿವೆ. ನಮ್ಮದಕ್ಕೆ ಇನ್ನೂ ಸಿಕ್ಕಿಲ್ಲ. ಡಿಸ್ಕ್ ಕಪಾಟಿನಲ್ಲಿದೆ.

ಎಲ್ಲಕ್ಕಿಂತ ಕಷ್ಟವಾದದ್ದು ಕಕ್ಷಿದಾರರಿಗೆ ತಿಳಿಸುವುದು. ಕೆಲವರು ಸುಮ್ಮನಿರಲು ಹೇಳಿದರು, ಹೆಸರು ಕೆಡುತ್ತದೆ ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಕಕ್ಷಿದಾರರು ನಮಗೆ ಹೇಳಿದ್ದನ್ನು ಅವರ ಅನುಮತಿ ಇಲ್ಲದೆ ಹೊರಗೆಡಹಬಾರದು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಮು ಹೇಳುತ್ತದೆ, ವಕೀಲರ ಗುಮಾಸ್ತರಿಗೂ ಅದು ಅನ್ವಯಿಸುತ್ತದೆ. ಅವರ ಗುಟ್ಟು ನಮ್ಮಲ್ಲಿ ಒತ್ತೆ ಇಟ್ಟ ಬಂಗಾರ. ಕಳವಾಗಿರಬಹುದು ಎಂಬ ಅನುಮಾನ ಬಂದರೂ ಒಡೆಯರಿಗೆ ಹೇಳಲೇಬೇಕು. ಒಬ್ಬೊಬ್ಬರನ್ನೇ ಕರೆದು, ಬರಲಾಗದವರಿಗೆ ಫೋನ್ ಮಾಡಿ ಹೇಳಿದೆ. ಕಡತಗಳು ಹೊರಗೆ ಹೋಗಿರಬಹುದೇ ಎಂದರೆ, ಇಲ್ಲ ಎಂದು ಖಚಿತವಾಗಿ ಹೇಳಲಾರೆ ಎಂದೂ ಹೇಳಿದೆ.

ಒಬ್ಬ ಮಹಿಳೆ ಇದ್ದರು. ಅವರ ಪ್ರಕರಣದ ಬಗ್ಗೆ ಹೆಚ್ಚು ಹೇಳಲಾರೆ. ತಮ್ಮ ಫೋನಿನಲ್ಲಿದ್ದ ಒಂದು ಧ್ವನಿಮುದ್ರಣವನ್ನು ನನಗೆ ಕೊಟ್ಟಿದ್ದರು. ನನ್ನ ಪ್ರತಿ ಹೋಗಿತ್ತು, ಫೋನ್ ಅವರಲ್ಲೇ ಇದ್ದುದರಿಂದ ಸಾಕ್ಷ್ಯ ಉಳಿಯಿತು. ಅದರ ಹ್ಯಾಶ್ ಮೌಲ್ಯ (ಕಡತ ಬದಲಾಗಿಲ್ಲವೆಂದು ತೋರಿಸುವ ಗುರುತು) ಸಹಿತ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಬೇಕಾದ ಅದೇ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರವನ್ನು ಆಮೇಲೆ ಸಿದ್ಧಪಡಿಸಿದೆವು. ಆದರೆ ಅಂದು ಅವರು ಸಾಕ್ಷ್ಯದ ಮಾತೆತ್ತಲಿಲ್ಲ. “ನಾನು ಬರೆದುಕೊಟ್ಟದ್ದನ್ನು ಯಾರಾದರೂ ಓದಿರಬಹುದೇ ಮೇಡಂ?” ಎಂದಷ್ಟೇ ಕೇಳಿದರು. ಓದಿರಬಹುದು ಎಂದೆ. ಬಹಳ ಹೊತ್ತು ನೆಲ ನೋಡುತ್ತ ಕುಳಿತಿದ್ದರು. ಬೇರೆ ವಕೀಲರಲ್ಲಿಗೆ ಹೋಗುವುದಾದರೆ ಇಂದೇ ಒಪ್ಪಿಗೆ ಬರೆದುಕೊಡುತ್ತೇನೆ ಎಂದೆ. “ಬೇಡ, ನೀವು ಮುಚ್ಚಿಡಲಿಲ್ಲವಲ್ಲ” ಎಂದು ಎದ್ದು ಹೋದರು. ಮುಂದಿನ ವಾಯಿದೆಗೆ ನನಗಿಂತ ಮೊದಲೇ ಬಂದು ನಿಂತಿದ್ದರು. ಇಬ್ಬರು ಕಕ್ಷಿದಾರರು ವಕಾಲತ್ತು ಹಿಂದಕ್ಕೆ ಪಡೆದರು, ಅದು ಅವರ ಹಕ್ಕು. ಅವರ ಮೇಲೆ ನನಗೆ ಮುನಿಸಿಲ್ಲ. ಉಳಿದವರೆಲ್ಲ ಉಳಿದರು. ಅಡಿಕೆ ತೋಟದ ಅಜ್ಜನೊಬ್ಬರು “ತಂಗೀ, ಕೊಳೆ ರೋಗ ಬಂತು ಎಂದು ತೋಟ ಬಿಡುತ್ತೇವೆಯೇ?” ಎಂದು ತಮ್ಮ ಕ್ರಯಪತ್ರದ ಚೀಲವನ್ನು ಮತ್ತೆ ನನ್ನ ಮೇಜಿನ ಮೇಲಿಟ್ಟರು.

ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನ ಮಗ ಮೂರು ಭಾನುವಾರ ಬಂದು ಕಚೇರಿಯನ್ನು ಹೊಸದಾಗಿ ಕಟ್ಟಿಕೊಟ್ಟ. ಈಗ ಪ್ರತಿ ಕಡತಕ್ಕೂ ಮೂರು ಪ್ರತಿ: ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಹಳೆಯ ಆವೃತ್ತಿಗಳನ್ನೂ ಉಳಿಸುವ ಕ್ಲೌಡ್ ಖಾತೆಯಲ್ಲಿ, ಮತ್ತೊಂದು ಗೂಢಲಿಪಿ ಹಾಕಿದ ಡಿಸ್ಕಿನಲ್ಲಿ. ಆ ಡಿಸ್ಕನ್ನು ಶುಕ್ರವಾರ ಸಂಜೆ ಮಾತ್ರ ಸಿಕ್ಕಿಸುತ್ತೇವೆ, ಕೆಲಸ ಮುಗಿದೊಡನೆ ಕಿತ್ತು ಬೀಗ ಹಾಕುತ್ತೇವೆ. ಅದರ ಕೀಲಿಸಂಖ್ಯೆ ಕಾಗದದ ಮೇಲೆ ಬರೆದು ಬ್ಯಾಂಕ್ ಲಾಕರಿನಲ್ಲಿದೆ. ಇಮೇಲಿಗೆ ಎರಡು ಹಂತದ ದೃಢೀಕರಣ ಬಂದಿದೆ. ಸಣ್ಣ ಸ್ಕ್ಯಾನರ್, ಪ್ರಿಂಟರ್ ಕೊಂಡಿದ್ದೇವೆ. ಕಕ್ಷಿದಾರರ ಆಧಾರ್, ಪಹಣಿ, ವೈದ್ಯಕೀಯ ಕಾಗದಗಳನ್ನು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್‌ಗೆ ಕಳುಹಿಸುವ ಅಭ್ಯಾಸ ನಿಂತಿದೆ. ಇಷ್ಟಕ್ಕೂ ಮಿಗಿಲಾಗಿ ಅವನು ಕಲಿಸಿದ್ದು ಬ್ಯಾಕಪ್ಪಿನಿಂದ ತಿಂಗಳಿಗೊಮ್ಮೆ ಒಂದು ಕಡತವನ್ನು ನಿಜಕ್ಕೂ ಹೊರತೆಗೆದು ತೆರೆದು ನೋಡುವುದನ್ನು. ಆ ಕೆಲಸವನ್ನು ಗುಮಾಸ್ತರು ವಹಿಸಿಕೊಂಡಿದ್ದಾರೆ. ಯಾವ ತಾರೀಖು, ಯಾವ ಕಡತ, ತೆರೆಯಿತೇ ಇಲ್ಲವೇ ಎಂಬುದನ್ನು ಅದೇ ಡೈರಿಯ ಕೊನೆಯ ಪುಟಗಳಲ್ಲಿ ನೀಲಿ ಶಾಯಿಯಲ್ಲಿ ಬರೆಯುತ್ತಾರೆ.

ಕಕ್ಷಿದಾರರಲ್ಲಿ ಒಂದು ವಿನಂತಿ ಇದೆ. ಪ್ರತಿ ಮಾಡಿಕೊಳ್ಳಲೆಂದು ಕಳೆದ ವರ್ಷ ನೀವು ತಂದುಕೊಟ್ಟ ಮೂಲ ದಾಖಲೆಗಳಲ್ಲಿ ಏಳು ಲಕೋಟೆಗಳು ಇನ್ನೂ ನನ್ನಲ್ಲಿವೆ. ಮಳೆಯಲ್ಲಿ ಬರಲಾಗದೆ ಉಳಿದವು ಅವು. ರಸೀದಿ ಕಳೆದಿದ್ದರೂ ಚಿಂತೆಯಿಲ್ಲ, ಗುಮಾಸ್ತರ ಡೈರಿಯಲ್ಲಿ ಹೆಸರಿದೆ. ದಯವಿಟ್ಟು ಬಂದು ಒಯ್ಯಿರಿ. ಅಜ್ಜನವರ ಕ್ರಯಪತ್ರವನ್ನು ಈ ಭಾನುವಾರ ನಾನೇ ಮನೆಗೆ ತಂದುಕೊಡುತ್ತೇನೆ.