ಸಮಿತಿಯಲ್ಲಿ ಡಬ್ಬಾ ಅಂಗಡಿಯವರಿಗೂ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ಬೆಟಗೇರಿಯಲ್ಲಿ 22 ವರ್ಷದಿಂದ ನನ್ನದೊಂದು ಡಬ್ಬಾ ಅಂಗಡಿ ಇದೆ. ಎಲೆ, ಅಡಿಕೆ, ಬೀಡಿ, ಸಿಗರೇಟು, ಪೆಪ್ಪರಮಿಂಟು ಮಾರುತ್ತೇನೆ. ಇಂಥವನು ವ್ಯಸನಮುಕ್ತಿ ಬಗ್ಗೆ ಬರೆಯೋದಾ ಅಂತ ನಗಬೇಡಿ.

ಆಗಸ್ಟ್ 1, ಇಳಕಲ್ಲಿನ ಮಹಾಂತ ಸ್ವಾಮೀಜಿ ಹುಟ್ಟಿದ ದಿನ. ಅವತ್ತು ನಮ್ಮ ಭಾಗದ ಶಾಲೆಯೊಂದರಲ್ಲಿ ವ್ಯಸನಮುಕ್ತ ದಿನ ಮಾಡಿದರು. ಮಕ್ಕಳನ್ನು ಚಟದಿಂದ ಕಾಯಲು ಸಮಿತಿಯೂ ಆಯಿತು. ಶಿಕ್ಷಕರು, ಪೊಲೀಸರು, ಡಾಕ್ಟರು, ಊರ ಹಿರಿಯರು ಇದ್ದಾರೆ. ಪ್ರತಿಜ್ಞೆ ಆಯಿತು, ಫೋಟೊ ಆಯಿತು. ನಮ್ಮನ್ನು ಯಾರೂ ಕರೆಯಲಿಲ್ಲ. ಸ್ವಾಮೀಜಿಯಾದರೋ ಜೋಳಿಗೆ ಹಿಡಿದು, ಚಟವನ್ನೇ ಭಿಕ್ಷೆ ಹಾಕಿ ಅಂತ ಚಟ ಇದ್ದವರ ಬಾಗಿಲಿಗೇ ಹೋಗುತ್ತಿದ್ದರು. ನಮ್ಮಪ್ಪನೂ ಅದರಲ್ಲಿ ಬೀಡಿ ಕಟ್ಟು ಹಾಕಿದವರು. ಆರು ತಿಂಗಳಿಗೆ ಮತ್ತೆ ಶುರು ಮಾಡಿದರು, ಅದು ಬೇರೆ ಮಾತು.

ಯಾವ ಹುಡುಗ ಏನು ಸೇದುತ್ತಾನೆ, ಏನು ತಿನ್ನುತ್ತಾನೆ ಅನ್ನೋದು ಹೆತ್ತವರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಗುಟ್ಕಾ 2013ರಲ್ಲೇ ಬಂದ್ ಆಯಿತು. ಈಗ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು. ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. 2025ರಿಂದ ನಮ್ಮ ರಾಜ್ಯದಲ್ಲಿ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯಿಂದ 100 ಮೀಟರ್ ಒಳಗೆ ಯಾರಿಗೂ ಮಾರುವಂತಿಲ್ಲ. (ನನ್ನ ಅಂಗಡಿ ಅದರಾಚೆ ಇದೆ, ಅಳೆದು ನೋಡಿದ್ದೇನೆ.) 18ರ ಒಳಗಿನ ಮಕ್ಕಳಿಗೆ ಕೊಟ್ಟರೆ 7 ವರ್ಷದವರೆಗೆ ಜೈಲು. ಆದರೂ ಒಂಬತ್ತನೇ ಕ್ಲಾಸಿನ ಹುಡುಗ ಬಂದು ‘ನಮ್ಮಪ್ಪಗ ಬೇಕ್ರಿ ಕಾಕಾ’ ಅಂತಾನೆ. ನಾನು ಇಲ್ಲ ಅಂದರೆ ಹತ್ತು ಹೆಜ್ಜೆ ಆಚೆ ಸಿಗುತ್ತದೆ.

ಅದಕ್ಕೇ ಗಣಪತಿ ಹಬ್ಬದ ಹಿಂದಿನ ವಾರ ನಾವು ಆರು ಅಂಗಡಿಯವರು ಕೂತು ಮಾತಾಡಿದೆವು. ಯೂನಿಫಾರ್ಮಿನಲ್ಲಿ ಬಂದವರಿಗೆ ಯಾರೂ ಕೊಡಬಾರದು, ಯಾರ ಹೆಸರು ಹೇಳಿದರೂ. ಐವರು ಮಾತು ಉಳಿಸಿಕೊಂಡಿದ್ದೇವೆ. ನನಗೆ ದಿನಕ್ಕೆ ನೂರೈವತ್ತು ರೂಪಾಯಿ ವ್ಯಾಪಾರ ಕಡಿಮೆ ಆಗಿದೆ. ಆರನೆಯವನು ‘ನನ್ನ ಹೊಟ್ಟಿಗೆ ನೀವು ಹಾಕ್ತೀರೇನು?’ ಅಂದ. ಅವನ ಕಷ್ಟವೂ ಸುಳ್ಳಲ್ಲ. ಪಂಕ್ಚರ್ ಅಂಗಡಿಯಾತ ತಾನಾಗೇ ನಮ್ಮ ಜೊತೆ ಸೇರಿದ. ಸೈಕಲ್ಲೇ ಇಲ್ಲದ ಹುಡುಗರು ಪಂಕ್ಚರ್ ಅಂಟಿಸುವ ಸೊಲ್ಯೂಷನ್ ಟ್ಯೂಬು ಕೇಳೋದು ಜಾಸ್ತಿ ಆದಾಗ ಅವನಿಗೆ ಅನುಮಾನ ಬಂದಿತ್ತು. ನಶೆಗೆ ಮೂಸೋಕೆ ಅಂತ ಆಮೇಲೆ ಗೊತ್ತಾಯಿತು. ಸಮಿತಿಯ ಒಬ್ಬರಿಗೆ ಹೇಳಿದರೆ, ‘ಹೌದಾ?’ ಅಂದರು.

ಧಾರವಾಡದಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಓದುವ ಮಗಳು ಒಂದು ಮಾತು ಹೇಳಿದಳು. ಅಮೆರಿಕದಲ್ಲಿ 1997ರ ಕಾಯ್ದೆಯಂತೆ ಇಂಥ ಊರ ಒಕ್ಕೂಟಗಳಿಗೆ ಸರ್ಕಾರವೇ ದುಡ್ಡು ಕೊಡುತ್ತದಂತೆ. ಆದರೆ 12 ಬಗೆಯ ಜನ ಅದರಲ್ಲಿ ಇರಲೇಬೇಕು. ಪಾಲಕರು, ಪೊಲೀಸರು, ವೈದ್ಯರ ಜೊತೆ ವ್ಯಾಪಾರಸ್ಥರೂ ಬೇಕು, ಹುಡುಗ ಹುಡುಗಿಯರೂ ಬೇಕು. ನಮ್ಮ ಸಮಿತಿಯಲ್ಲಿ ಮೂವತ್ತರ ಕೆಳಗಿನವರು ಒಬ್ಬರೂ ಇಲ್ಲ.

ಶಾಲೆಯವರಲ್ಲಿ ಕೇಳಿಕೊಳ್ಳೋದು ಇಷ್ಟೇ. ಅಂಗಡಿಯವರು ಇಬ್ಬರನ್ನು, ಪಿಯುಸಿ ಹುಡುಗರು ಇಬ್ಬರನ್ನು ಸೇರಿಸಿಕೊಳ್ಳಿ. ಆ ಆರನೆಯವನನ್ನು ನೀವೇ ಕರೆಯಿರಿ. ನನ್ನ ಮಾತು ಕೇಳದವನು ಹೆಡ್‌ಮಾಸ್ತರ ಮಾತು ಕೇಳಬಹುದು. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಡಬೇಡಿ, ಅದು ವ್ಯಾಪಾರದ ಹೊತ್ತು. ರಾತ್ರಿ ಒಂಬತ್ತಕ್ಕೆ ಇಟ್ಟರೆ ಅಂಗಡಿ ಮುಚ್ಚಿ ಬರುತ್ತೇವೆ.

– ಡಬ್ಬಾ ಅಂಗಡಿಯವ, ಬೆಟಗೇರಿ, ಗದಗ